ಇಬ್ಬರು ರೋಗಿಗಳ ನಡುವಿನ ಹತ್ತು ನಿಮಿಷ

ಎಲ್ಲರಿಗೂ ನಮಸ್ಕಾರ. ಹೊಸದಾಗಿ ದಂತ ಕ್ಲಿನಿಕ್ ತೆರೆದವರು, ತೆರೆಯುವ ಯೋಚನೆಯಲ್ಲಿರುವವರು, ಅವರ ಜೊತೆ ಕೆಲಸ ಮಾಡುವ ಅಸಿಸ್ಟೆಂಟರು, ಎಲ್ಲರೂ ಬಂದಿದ್ದೀರಿ. ಸೋಂಕು ನಿಯಂತ್ರಣದ ಮಾತು ಸಾಮಾನ್ಯವಾಗಿ ಗ್ಲೌಸ್, ಮಾಸ್ಕ್, ಕೈ ತೊಳೆಯುವ ಚಿತ್ರಗಳಿಂದ ಶುರುವಾಗುತ್ತದೆ. ಅವು ನಿಮಗೆ ಬಾಯಿಪಾಠ. ನಾನು ಒಂದು ಲೆಕ್ಕದಿಂದ ಶುರು ಮಾಡುತ್ತೇನೆ.

ಒಂದೇ ಕುರ್ಚಿಯ ಕ್ಲಿನಿಕ್ ಅಂದುಕೊಳ್ಳಿ. ಅರ್ಧ ಗಂಟೆಗೆ ಒಬ್ಬ ರೋಗಿ. ಬಳಸಿದ ಹ್ಯಾಂಡ್‌ಪೀಸನ್ನು, ಅಂದರೆ ಹಲ್ಲು ಕೊರೆಯುವ ಕೈಯುಪಕರಣವನ್ನು, ತೊಳೆದು, ಎಣ್ಣೆ ಬಿಟ್ಟು, ಪೌಚಿಗೆ ಹಾಕಿ, ಹಬೆಯಿಂದ ಶುದ್ಧಿಮಾಡುವ ಯಂತ್ರದಲ್ಲಿ ಆಟೋಕ್ಲೇವ್ ಮಾಡಿ, ಅದು ಒಣಗಿ ಆರಿ ಮತ್ತೆ ಟ್ರೇಗೆ ಬರುವಷ್ಟರಲ್ಲಿ ಒಂದೂವರೆ ಗಂಟೆ ಕಳೆಯುತ್ತದೆ ಅಂತ ಇಟ್ಟುಕೊಳ್ಳೋಣ. ಅಷ್ಟರೊಳಗೆ ಇನ್ನೂ ಮೂವರು ರೋಗಿಗಳು ಬಂದು ಹೋಗಿರುತ್ತಾರೆ. ಅಂದರೆ ಕನಿಷ್ಠ ನಾಲ್ಕು ಹ್ಯಾಂಡ್‌ಪೀಸ್ ಬೇಕು. ಒಂದೊಂದಕ್ಕೂ ಯಂತ್ರ ಓಡಿಸುವವರು ಯಾರೂ ಇಲ್ಲ, ಎರಡು ಮೂರು ಸೇರಿದ ಮೇಲೆ ಹಾಕುತ್ತೀರಿ. ಹಾಗಾದರೆ ಐದಾರು ಬೇಕು. ಎರಡೇ ಇಟ್ಟುಕೊಂಡವರು ಮೂರನೆಯ ರೋಗಿ ಬಾಯಿ ತೆರೆದಾಗ ಏನು ಮಾಡುತ್ತಾರೆ? ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿ ತೆಗೆದುಕೊಳ್ಳುತ್ತಾರೆ. ಅವರು ಕೆಟ್ಟವರಲ್ಲ, ಓದಿದ್ದನ್ನು ಮರೆತವರೂ ಅಲ್ಲ. ಬೆಳಿಗ್ಗೆ ಬಾಗಿಲು ತೆರೆಯುವಾಗಲೇ ಅವರ ಲೆಕ್ಕ ತಪ್ಪಿಹೋಗಿರುತ್ತದೆ, ಅಷ್ಟೇ. ಸಣ್ಣ ಕ್ಲಿನಿಕ್ಕಿನ ಸ್ವಚ್ಛತೆ ಕೆಡುವುದು ಹೆಚ್ಚಾಗಿ ಇಲ್ಲಿಯೇ. ಚಂದದ ಸೋಫಾ ಆಮೇಲೆ ಕೊಳ್ಳಿ, ಮೊದಲು ಇನ್ನೆರಡು ಹ್ಯಾಂಡ್‌ಪೀಸ್ ಕೊಳ್ಳಿ.

ಒರೆಸಿದರೆ ಸಾಲದೇ ಅಂತ ಕೇಳುವವರಿದ್ದಾರೆ. ಸಾಲದು. ಗಾಳಿಯಿಂದ ತಿರುಗುವ ಟರ್ಬೈನ್ ನಿಲ್ಲುವ ಕ್ಷಣದಲ್ಲಿ ಹ್ಯಾಂಡ್‌ಪೀಸಿನ ತಲೆಯೊಳಗೆ ಒತ್ತಡ ಕುಸಿದು, ರೋಗಿಯ ಎಂಜಲು, ರಕ್ತ ಎಲ್ಲ ಒಳಗಿನ ಸಂದಿಗಳಿಗೆ ಹಿಂದಕ್ಕೆ ಎಳೆದುಕೊಳ್ಳುತ್ತದೆ. ನೀವು ಒರೆಸುವುದು ಹೊರಮೈ. ಒಳಗೆ ಸೇರಿದ್ದು ಮುಂದಿನ ರೋಗಿಯ ಬಾಯಿಗೆ ಗಾಳಿ ನೀರಿನ ಜೊತೆ ಹೊರಬರುತ್ತದೆ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2003ರಲ್ಲಿ ಹೊರಡಿಸಿದ ದಂತ ಚಿಕಿತ್ಸೆಯ ಮಾರ್ಗಸೂಚಿ ಪ್ರತಿ ರೋಗಿಯ ನಂತರ ಹ್ಯಾಂಡ್‌ಪೀಸನ್ನು ಶಾಖದಿಂದಲೇ ಶುದ್ಧಿಮಾಡಬೇಕು ಅನ್ನುತ್ತದೆ. ಬಿಚ್ಚಲು ಬರುವ ಸ್ಲೋ ಸ್ಪೀಡ್ ಮೋಟಾರಿಗೂ ಅದೇ ಮಾತು. ಅದನ್ನು ಮಾತ್ರ ಬಹಳ ಜನ ಜಾಣತನದಿಂದ ಮರೆಯುತ್ತಾರೆ.

ಉಪಕರಣಗಳನ್ನು ಅಪಾಯದ ಪ್ರಮಾಣದ ಮೇಲೆ ಮೂರು ಗುಂಪು ಮಾಡಿದವರು ಅರ್ಲ್ ಸ್ಪಾಲ್ಡಿಂಗ್. ಮೂಳೆಗೆ, ರಕ್ತಕ್ಕೆ ಇಳಿಯುವಂಥವು. ಬಾಯಿಯ ಒಳಪದರವನ್ನು ಮುಟ್ಟುವಂಥವು. ಬರಿ ಚರ್ಮವನ್ನು ಮುಟ್ಟುವಂಥವು. ಪರೀಕ್ಷೆಗೆ ಇದನ್ನೇ ಬರೆಯಿರಿ. ಕ್ಲಿನಿಕ್ಕಿನಲ್ಲಿ ಮಾತ್ರ ಎರಡೇ ಗುಂಪು ಸಾಕು ಅನ್ನುವುದು ನನ್ನ ಅಭಿಪ್ರಾಯ. ಬಾಯೊಳಗೆ ಹೋಗಿದ್ದು ಆಟೋಕ್ಲೇವಿಗೆ ಹೋಗಲಿ, ಇಲ್ಲವೇ ಕಸಕ್ಕೆ ಹೋಗಲಿ. ಬಾಯೊಳಗೆ ಹೋಗದ್ದನ್ನು ಒರೆಸಿ, ಅಥವಾ ಹಾಳೆ ಸುತ್ತಿ. ಎಕ್ಸ್‌ರೇ ಸೆನ್ಸರಿನಂಥ, ಶಾಖ ತಾಳದ ಒಂದೆರಡು ವಸ್ತುಗಳಿಗೆ ಮಾತ್ರ ಬೇರೆ ದಾರಿ: ಪ್ರತಿ ರೋಗಿಗೂ ಹೊಸ ಕವಚ, ಕವಚ ತೆಗೆದ ಮೇಲೆ ಸೋಂಕುನಾಶಕದಿಂದ ಶುದ್ಧಿ.

ಈಗ ಸಿಂಕಿನ ಹತ್ತಿರ ಬನ್ನಿ. ರಕ್ತ ಒಣಗಿ ಅಂಟಿಕೊಂಡ ಫೋರ್ಸೆಪ್ಸನ್ನು ಎಷ್ಟು ಕಾಯಿಸಿದರೂ ಆ ಪದರದ ಕೆಳಗಿನ ಲೋಹಕ್ಕೆ ಹಬೆ ಸರಿಯಾಗಿ ತಾಗುವುದಿಲ್ಲ. ಆದ್ದರಿಂದ ಒಣಗಲು ಬಿಡಬೇಡಿ, ನೆನೆಹಾಕಿ. ಕೈಯಲ್ಲಿ ಉಜ್ಜುವುದಾದರೆ ದಪ್ಪ ರಬ್ಬರ್ ಗ್ಲೌಸ್ ಹಾಕಿ, ಉದ್ದ ಹಿಡಿಯ ಬ್ರಷ್ ಹಿಡಿಯಿರಿ. ಚಿಕಿತ್ಸೆಯ ತೆಳು ಗ್ಲೌಸ್ ಇಲ್ಲಿ ಯಾವ ಕೆಲಸಕ್ಕೂ ಬಾರದು. ಅಲ್ಟ್ರಾಸೋನಿಕ್ ಕ್ಲೀನರ್ ಇದ್ದರೆ ಇನ್ನೂ ಒಳ್ಳೆಯದು. ಅದು ಸರಿಯಾಗಿ ನಡೆಯುತ್ತಿದೆಯೇ ಎಂದು ನೋಡಲು ಅಲ್ಯೂಮಿನಿಯಂ ಫಾಯಿಲಿನ ಒಂದು ತುಂಡನ್ನು ಸ್ವಲ್ಪ ಹೊತ್ತು ನೀರಿನಲ್ಲಿ ಇಳಿಬಿಡಿ. ಮೈತುಂಬ ಒಂದೇ ಸಮ ಚುಕ್ಕೆ ಬಿದ್ದಿದ್ದರೆ ಸರಿ.

ಉಪಕರಣ ಅದ್ದಿಡುವ ಸೋಂಕುನಾಶಕ ಗ್ಲುಟರಾಲ್ಡಿಹೈಡ್ ಟ್ರೇಯ ಬಗ್ಗೆ ಖಾರವಾಗಿಯೇ ಹೇಳುತ್ತೇನೆ. ಶೇಕಡಾ 2ರ ದ್ರಾವಣದಲ್ಲಿ ಸ್ಪೋರ್‌ಗಳು, ಅಂದರೆ ಬ್ಯಾಕ್ಟೀರಿಯಾದ ಗಟ್ಟಿ ಬೀಜದಂಥ ರೂಪಗಳು, ಸಾಯಬೇಕಾದರೆ ಸುಮಾರು 10 ಗಂಟೆ ಮುಳುಗಿರಬೇಕು. ಇಬ್ಬರು ರೋಗಿಗಳ ನಡುವೆ ಇಪ್ಪತ್ತು ನಿಮಿಷ ಅದ್ದಿ ತೆಗೆದದ್ದು ಸ್ಟೆರೈಲ್, ಅಂದರೆ ಪೂರ್ತಿ ಸೂಕ್ಷ್ಮಜೀವಿಮುಕ್ತ, ಆಗುವುದಿಲ್ಲ. ಮೇಲಾಗಿ ಅದರ ಆವಿ ನಿಮ್ಮ ಅಸಿಸ್ಟೆಂಟರ ಕಣ್ಣು, ಶ್ವಾಸಕೋಶ ಎರಡಕ್ಕೂ ಹಿಂಸೆ. ಕುದಿಯುವ ನೀರಿನ ಡಬ್ಬಿಯಂತೂ ವಸ್ತುಸಂಗ್ರಹಾಲಯಕ್ಕೆ ಸೇರಬೇಕಾದದ್ದು. 100 ಡಿಗ್ರಿಗೆ ಸ್ಪೋರ್‌ಗಳು ಜಗ್ಗುವುದಿಲ್ಲ.

ಆಟೋಕ್ಲೇವಿನಲ್ಲಿ ಕೊಲ್ಲುವುದು ಒತ್ತಡವಲ್ಲ, ಬಿಸಿ ಹಬೆ. ಚದರ ಇಂಚಿಗೆ 15 ಪೌಂಡ್ ಒತ್ತಡದಲ್ಲಿ ಹಬೆ 121 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ. ಒಳಗಿನ ಗಾಳಿ ಹೊರಹೋಗದಿದ್ದರೆ ಹಬೆಗೆ ಜಾಗವೇ ಇಲ್ಲ. ಕುಕ್ಕರಿನಲ್ಲಿ ಹಬೆ ನೇರವಾಗಿ ಬರುವ ತನಕ ವೇಟ್ ಹಾಕದೆ ಕಾಯುತ್ತೇವಲ್ಲ, ಅದೇ ತತ್ವ. ಪೌಚ್‌ಗಳನ್ನು ಒಂದರ ಮೇಲೊಂದು ತುರುಕಿದರೂ ಅಷ್ಟೇ, ನಡುವೆ ಗಾಳಿ ಸಿಕ್ಕಿಕೊಳ್ಳುತ್ತದೆ. ಹ್ಯಾಂಡ್‌ಪೀಸಿನ ಸಣ್ಣ ಕೊಳವೆಗಳಲ್ಲಿ ಗಾಳಿ ಇನ್ನೂ ಮೊಂಡು. ಅದಕ್ಕಾಗಿಯೇ ಮೊದಲು ಗಾಳಿಯನ್ನು ಪಂಪಿನಿಂದ ಎಳೆದು ತೆಗೆಯುವ ಬಿ ಕ್ಲಾಸ್ ಯಂತ್ರಗಳು ಬಂದಿವೆ. ಎನ್ ಕ್ಲಾಸ್ ಯಂತ್ರ ಪೌಚಿಲ್ಲದ, ಟೊಳ್ಳಿಲ್ಲದ ಉಪಕರಣಗಳಿಗಷ್ಟೇ. ಕೊಳ್ಳುವಾಗ ಮಾರುವವರು ಹೇಳದಿದ್ದರೆ ನೀವೇ ಕೇಳಿ.

ಪೌಚಿನ ಮೇಲಿನ ಗುರುತು ಬಣ್ಣ ಬದಲಿಸಿತು ಅಂದರೆ ಅದು ಬಿಸಿ ಕಂಡಿದೆ ಅಂತ ಮಾತ್ರ ಅರ್ಥ. ನಿಜವಾದ ಸಾಕ್ಷಿ ಸ್ಪೋರ್ ಪರೀಕ್ಷೆ. ಜಿಯೋಬ್ಯಾಸಿಲಸ್ ಸ್ಟಿಯರೋಥರ್ಮೋಫಿಲಸ್ ಅನ್ನುವ ಗಟ್ಟಿ ಜೀವಿಯ ಸ್ಪೋರ್‌ಗಳನ್ನು ಉಪಕರಣಗಳ ಜೊತೆಯಲ್ಲೇ ಒಳಗಿಟ್ಟು, ಆಮೇಲೆ ಬೆಳೆಯುತ್ತವೆಯೇ ಎಂದು ನೋಡುವುದು. ವಾರಕ್ಕೊಮ್ಮೆ ಮಾಡಬೇಕು, ಬರೆದಿಡಬೇಕು. 2013ರಲ್ಲಿ ಅಮೆರಿಕದ ಓಕ್ಲಹೋಮಾದ ಒಬ್ಬ ದಂತವೈದ್ಯರ ಸುಮಾರು 7,000 ರೋಗಿಗಳಿಗೆ ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ ಎಂದು ಆರೋಗ್ಯ ಇಲಾಖೆ ತಿಳಿಸಬೇಕಾಯಿತು. ಅಲ್ಲಿನ ಆಟೋಕ್ಲೇವಿಗೆ ಆರು ವರ್ಷ ಈ ಪರೀಕ್ಷೆಯೇ ಆಗಿರಲಿಲ್ಲ. ಒಬ್ಬ ರೋಗಿಯ ಹೆಪಟೈಟಿಸ್ ಸಿ ಇನ್ನೊಬ್ಬರಿಗೆ ದಾಟಿದ್ದು ವೈರಸ್ಸಿನ ತಳಿ ಪರೀಕ್ಷೆಯಲ್ಲಿ ಖಚಿತವಾಯಿತು.

ಇನ್ನು ಯಾರ ಕಣ್ಣಿಗೂ ಬೀಳದ ಜಾಗ, ಕುರ್ಚಿಯ ನೀರಿನ ಪೈಪು. ಕೊಳವೆ ಸಣ್ಣದು, ರಾತ್ರಿಯಿಡೀ ನೀರು ನಿಂತಿರುತ್ತದೆ. ಗೋಡೆಗೆ ಬ್ಯಾಕ್ಟೀರಿಯಾ ಅಂಟಿ ಲೋಳೆಯ ಪದರ ಕಟ್ಟುತ್ತದೆ. ಪೈಪಿಗೆ ಎಷ್ಟೇ ಒಳ್ಳೆಯ ನೀರು ಬಿಟ್ಟರೂ ಆಚೆ ತುದಿಯಲ್ಲಿ ಬರುವುದು ಬೇರೆ ನೀರು. ಅಮೆರಿಕದ ಜಾರ್ಜಿಯಾದಲ್ಲಿ 2015ರಲ್ಲಿ, ಕ್ಯಾಲಿಫೋರ್ನಿಯಾದಲ್ಲಿ 2016ರಲ್ಲಿ ಹಾಲುಹಲ್ಲಿನ ನರದ ಚಿಕಿತ್ಸೆಗೆ ಹೋದ ಮಕ್ಕಳಿಗೆ ಮೈಕೋಬ್ಯಾಕ್ಟೀರಿಯಂ ಆಬ್ಸೆಸಸ್ ಎಂಬ ಬ್ಯಾಕ್ಟೀರಿಯಾದ ಸೋಂಕು ತಗುಲಿದ್ದು ಈ ನೀರಿನಿಂದ. ಆ ಮಕ್ಕಳಿಗೆ ಶಸ್ತ್ರಚಿಕಿತ್ಸೆ ಬೇಕಾಯಿತು. ಇಟಲಿಯಲ್ಲಿ 2011ರಲ್ಲಿ 82 ವರ್ಷದ ಮಹಿಳೆಯೊಬ್ಬರು ಲೀಜನೆಲ್ಲಾ ಎಂಬ ಬ್ಯಾಕ್ಟೀರಿಯಾ ತಂದ ನ್ಯುಮೋನಿಯಾದಿಂದ ತೀರಿಕೊಂಡರು. ಮೂಲ ಹುಡುಕಿದಾಗ ಸಿಕ್ಕಿದ್ದು ದಂತ ಕ್ಲಿನಿಕ್ಕಿನ ನೀರು.

ಪ್ರತಿ ರೋಗಿಯ ನಂತರ 20ರಿಂದ 30 ಸೆಕೆಂಡು ನೀರು ಗಾಳಿ ಹರಿಸಿ ಅನ್ನುತ್ತಾರೆ. ಹರಿಸಿ. ಒಳಸೇರಿದ ಎಂಜಲು ಹೊರಹೋಗಲು ಅದು ಬೇಕು. ಲೋಳೆಯ ಪದರ ಮಾತ್ರ ಅದಕ್ಕೆ ಅಲುಗುವುದಿಲ್ಲ; ಕುರ್ಚಿ ತಯಾರಿಸಿದವರು ಹೇಳಿದ ರಾಸಾಯನಿಕವನ್ನು ಹೇಳಿದ ಅಂತರದಲ್ಲಿ ಹಾಯಿಸಲೇಬೇಕು. ನೀರಿಗೆ ಬೇರೆ ಬಾಟಲಿ ಇದೆ ಅಂದ ಮಾತ್ರಕ್ಕೆ ನೆಮ್ಮದಿ ಬೇಡ, ಪದರ ಇರುವುದು ಬಾಟಲಿಯಿಂದ ಆಚೆಗೆ. ಒಂದು ಮಿಲಿಲೀಟರಿನಲ್ಲಿ ಬ್ಯಾಕ್ಟೀರಿಯಾ ಕಾಲೊನಿ 500 ಮೀರಬಾರದು ಎಂಬುದು ಮಿತಿ. ಆಗಾಗ ಪರೀಕ್ಷೆಗೆ ಕಳಿಸಿ. ಮೂಳೆ ಕೊರೆಯುವ ಕೆಲಸವಿದ್ದರೆ ಈ ನೀರನ್ನು ಮುಟ್ಟಲೇಬೇಡಿ, ಸ್ಟೆರೈಲ್ ಸಲೈನನ್ನು ಬೇರೆ ದಾರಿಯಿಂದ ಬಿಡಿ.

ಗ್ಲೌಸ್ ಬಗ್ಗೆ ಒಂದೇ ಮಾತು. ಅದೇ ಗ್ಲೌಸಿನಲ್ಲಿ ಡ್ರಾಯರ್ ಎಳೆದು, ಫೋನ್ ಎತ್ತಿ, ಮತ್ತೆ ಬಾಯಿಗೆ ಕೈ ಹಾಕುವುದಾದರೆ ಅದು ನಿಮ್ಮನ್ನು ಕಾಯುತ್ತದೆ, ರೋಗಿಯನ್ನಲ್ಲ.

ಕೊನೆಯದಾಗಿ ಸೂಜಿ. ಹೆಪಟೈಟಿಸ್ ಬಿ ವೈರಸ್ ಒಣಗಿದ ರಕ್ತದಲ್ಲಿ ಏಳು ದಿನವಾದರೂ ಬದುಕಿರಬಲ್ಲದು. ಲಸಿಕೆ ಇಲ್ಲದವರಿಗೆ ಸೋಂಕಿತ ಸೂಜಿ ಚುಚ್ಚಿದರೆ ನೂರಕ್ಕೆ 30ರವರೆಗೆ ಅಪಾಯ. ಎಚ್‌ಐವಿಯಲ್ಲಿ ಅದು ಶೇಕಡಾ 0.3ರಷ್ಟು. ನಾವು ಹೆದರುವುದು ಮಾತ್ರ ತಿರುಗಾಮುರುಗಾ. ಮೂರು ಡೋಸಿನ ಲಸಿಕೆ ವೈದ್ಯರಿಗೆ ಎಷ್ಟು ಬೇಕೋ, ಕಸ ತೆಗೆಯುವವರಿಗೂ ಅಷ್ಟೇ ಬೇಕು. ಕೊನೆಯ ಡೋಸಾದ ಒಂದೆರಡು ತಿಂಗಳಿಗೆ ಆಂಟಿಬಾಡಿ ಪರೀಕ್ಷೆ ಮಾಡಿಸಿ. ಸೂಜಿಗೆ ಮುಚ್ಚಳ ಹಾಕಲೇಬೇಕಾದರೆ ಒಂದೇ ಕೈಯಲ್ಲಿ, ಟ್ರೇಯ ಮೇಲಿಟ್ಟ ಮುಚ್ಚಳಕ್ಕೆ ತೂರಿಸಿ. ಚುಚ್ಚಿಕೊಂಡರೆ ಸೋಪು ನೀರಿನಲ್ಲಿ ತೊಳೆಯಿರಿ, ಹಿಂಡಬೇಡಿ. ತಕ್ಷಣ ವೈದ್ಯರ ಬಳಿ ಹೋಗಿ. ಎಚ್‌ಐವಿ ತಡೆಯುವ ಔಷಧಿ ಕೆಲವೇ ಗಂಟೆಗಳಲ್ಲಿ ಶುರುವಾಗಬೇಕು, 72 ಗಂಟೆ ದಾಟಬಾರದು. ಆ ಸಂಜೆ ಎಲ್ಲಿಗೆ ಹೋಗಬೇಕು, ಯಾರಿಗೆ ಫೋನ್ ಮಾಡಬೇಕು ಅನ್ನುವುದನ್ನು ಸಿಂಕಿನ ಮೇಲೆ ಇವತ್ತೇ ಬರೆದು ಅಂಟಿಸಿ.

ಪ್ರಶ್ನೆಗಳಿಗೆ ಸಮಯವಿದೆ. ಮೊದಲು ಹಿಂದಿನ ಸಾಲಿನಲ್ಲಿರುವ ಅಸಿಸ್ಟೆಂಟರು ಕೇಳಲಿ. ನಿಮ್ಮ ಡಾಕ್ಟರು ಮುಂದೆ ಕೂತಿದ್ದಾರೆ ಎಂಬ ಸಂಕೋಚ ಬೇಡ.