ತೂಕ ಇಳಿದ ಮೇಲೆ ಕೂರಲಾಗದ ನೋವು

ಎಲ್ಲರಿಗೂ ನಮಸ್ಕಾರ.

ಮೊದಲಿಗೆ ಒಂದು ವಿನಂತಿ. ಈ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರುವುದು ಯಾರಿಗಾದರೂ ಕಷ್ಟವಾದರೆ ದಯವಿಟ್ಟು ಎದ್ದು ಗೋಡೆ ಪಕ್ಕ ನಿಂತುಕೊಳ್ಳಿ, ಹಿಂದೆ ಓಡಾಡಿ. ಸಂಕೋಚ ಬೇಡ. ಈ ನೋವಿನಲ್ಲಿ ಅರ್ಧ ಹಿಂಸೆ ಸಂಕೋಚದ್ದೇ. ನಮ್ಮ ಹತ್ತಿರ ಬರುವವರು ‘ಸೊಂಟ ನೋವು’ ಅಂತಲೇ ಶುರು ಮಾಡುತ್ತಾರೆ. ಎಲ್ಲಿ ತೋರಿಸಿ ಅಂದರೆ ಕೈ ಸೊಂಟ ದಾಟಿ ಕೆಳಗೆ ಇಳಿದು, ಕುಂಡಿಯ ಎರಡು ಭಾಗ ಕೂಡುವ ಸೀಳಿನ ಮೇಲ್ತುದಿಯಲ್ಲಿ ಒಂದೇ ಬೆರಳಿನಿಂದ ಒಂದು ಜಾಗ ಮುಟ್ಟುತ್ತದೆ. ‘ಇಲ್ಲಿ ಮೇಡಂ.’ ಅದು ಸೊಂಟ ಅಲ್ಲ, ಬಾಲದ ಮೂಳೆ.

ಫಿಸಿಯೋಥೆರಪಿಸ್ಟ್ ಆಗಿ ಈ ನೋವನ್ನು ಬಹಳ ವರ್ಷಗಳಿಂದ ನೋಡುತ್ತಿದ್ದೇನೆ. ಮೊದಲೆಲ್ಲ ಮೆಟ್ಟಿಲ ಮೇಲೆ ಜಾರಿ ಕುಕ್ಕರಿಸಿ ಬಿದ್ದವರು, ಹೆರಿಗೆ ಆದವರು ಬರುತ್ತಿದ್ದರು. ಈಗ ಬೀಳದೆಯೇ ಬರುವವರಿದ್ದಾರೆ. ಆಪರೇಷನ್ ಮಾಡಿಸಿಕೊಂಡೋ, ಇಂಜೆಕ್ಷನ್ ತೆಗೆದುಕೊಂಡೋ, ಅನ್ನ ಬಿಟ್ಟು ದಿನಾ ನಡೆದೋ ಹದಿನೈದು ಇಪ್ಪತ್ತು ಕೆಜಿ ಇಳಿಸಿದವರು ಅವರು. ತೂಕ ಇಳಿಸುವ ಮೌಂಜಾರೊ, ವೆಗೋವಿ ಇಂಜೆಕ್ಷನ್‌ಗಳು 2025ರಲ್ಲಿ ನಮ್ಮ ದೇಶದ ಮಾರುಕಟ್ಟೆಗೆ ಬಂದವು. ಬೇಗ ತೂಕ ಇಳಿಸಿಕೊಳ್ಳುವವರು ಇನ್ನೂ ಹೆಚ್ಚಾಗುತ್ತಾರೆ. ಹಾಗಾಗಿ ಈ ಮಾತು ಈಗಲೇ ಆಡಬೇಕು ಅನ್ನಿಸಿತು.

ಒಬ್ಬ ಮೇಷ್ಟ್ರ ವಿಷಯ ಹೇಳುತ್ತೇನೆ. ಐವತ್ತು ದಾಟಿದವರು. ಸಕ್ಕರೆ ಕಾಯಿಲೆ ಅಂತ ಗೊತ್ತಾದ ಮೇಲೆ ಹಟ ಹಿಡಿದು ಎಂಟು ತಿಂಗಳಲ್ಲಿ 92 ಕೆಜಿಯಿಂದ 71ಕ್ಕೆ ಬಂದರು. ಸಕ್ಕರೆ ಹತೋಟಿಗೆ ಬಂತು, ಮಂಡಿ ನೋವು ಹೋಯಿತು. ಆಮೇಲೆ ಶುರುವಾಯಿತು ಇದು. ಶಾಲೆಯ ಮರದ ಕುರ್ಚಿಯಲ್ಲಿ ಹತ್ತು ನಿಮಿಷ ಕೂರಲಾಗದು. ಕೂತಲ್ಲಿಂದ ಏಳುವಾಗಂತೂ ಚೂರಿ ಹಾಕಿದ ಹಾಗೆ. ಮದುವೆ ಮನೆಯಲ್ಲಿ ಪಂಕ್ತಿಯಲ್ಲಿ ಕೂರದೆ ಹೊರಗೆ ನಿಂತೇ ಇದ್ದರಂತೆ. ನನ್ನ ಮುಂದೆಯೂ ನಿಂತುಕೊಂಡೇ ಕೇಳಿದರು: ‘ತೂಕ ಇಳಿಸಿದ್ದೇ ತಪ್ಪಾಯ್ತಾ ಮೇಡಂ? ವಾಪಸ್ ಹಾಕ್ಕೊಂಡ್‌ಬಿಡ್ಲಾ?’

ತಪ್ಪಾಗಿಲ್ಲ ಮೇಷ್ಟ್ರೇ ಅಂದೆ. ನಿಮಗೂ ಅದನ್ನೇ ಹೇಳುತ್ತೇನೆ. ಬದಲಾಗಬೇಕಿರುವುದು ತೂಕ ಅಲ್ಲ, ಕೂರುವ ರೀತಿ.

ಯಾಕೆ ಅಂತ ನಿಮ್ಮ ಕೈಯಿಂದಲೇ ತಿಳಿದುಕೊಳ್ಳಿ. ಈಗ ಬೆನ್ನು ನೆಟ್ಟಗೆ ಮಾಡಿ ಕೂತು, ಎರಡೂ ಅಂಗೈಗಳನ್ನು ಮೇಲ್ಮುಖವಾಗಿ ಕುಂಡಿಯ ಕೆಳಗೆ ಇಡಿ. ಎರಡು ಗಟ್ಟಿ ಮೂಳೆ ಸಿಗುತ್ತವೆ. ಕೂತಾಗ ಮೈಭಾರ ಹೊರಬೇಕಾದವು ಅವು. ಈಗ ನಿಧಾನವಾಗಿ ಹಿಂದಕ್ಕೆ ಒರಗಿ, ಸೋಫಾದಲ್ಲಿ ಟಿವಿ ನೋಡುವ ಹಾಗೆ. ಆ ಎರಡು ಮೂಳೆಯ ಮೇಲಿನ ಭಾರ ಹಿಂದಕ್ಕೆ ಸರಿಯಿತಲ್ಲವೇ? ಅದು ಹೋಗಿ ಬಿದ್ದದ್ದು ಬಾಲದ ಮೂಳೆಯ ಮೇಲೆ. ಮೂರರಿಂದ ಐದು, ಸಾಮಾನ್ಯವಾಗಿ ನಾಲ್ಕು, ಪುಟ್ಟ ಮೂಳೆಗಳು ಕೂಡಿಕೊಂಡು ಆದದ್ದು ಅದು. ಗ್ರೀಕರು ಅದಕ್ಕೆ ಕೋಗಿಲೆ ಜಾತಿಯ ಹಕ್ಕಿಯ ಹೆಸರಿಟ್ಟರು, ಆಕಾರ ಆ ಹಕ್ಕಿಯ ಕೊಕ್ಕಿನಂತೆ ಬಾಗಿರುವುದರಿಂದ. ಆ ಕೊಕ್ಕಿನ ಬೆನ್ನ ಮೇಲೆ ದಪ್ಪನೆಯ ಮಾಂಸಖಂಡ ಇಲ್ಲ. ಇರುವುದು ಚರ್ಮ, ಅದರಡಿ ಕೊಬ್ಬು. ಆ ಕೊಬ್ಬು ಇಷ್ಟು ವರ್ಷ ದಿಂಬಿನ ಕೆಲಸ ಮಾಡುತ್ತಿತ್ತು. ನಾವು ಹೊಟ್ಟೆ ಕರಗಿಸಲು ಹೊರಟರೂ ದೇಹ ಜಾಗ ಆರಿಸಿ ಕರಗಿಸುವುದಿಲ್ಲ, ಆ ದಿಂಬೂ ತೆಳುವಾಗುತ್ತದೆ. ಕೂರುವ ಅಭ್ಯಾಸ ಮಾತ್ರ ಹಳೇದೇ ಉಳಿದಿರುತ್ತದೆ.

ದಪ್ಪ ಇದ್ದವರಿಗೆ ಈ ನೋವು ಬರುವುದೇ ಇಲ್ಲ ಅಂದುಕೊಳ್ಳಬೇಡಿ. ಫ್ರಾನ್ಸಿನ ವೈದ್ಯ ಮೇನ್ಯ್ ಮತ್ತು ಸಂಗಡಿಗರು 208 ರೋಗಿಗಳನ್ನು ಪರೀಕ್ಷಿಸಿ 2000ದಲ್ಲಿ ವರದಿ ಪ್ರಕಟಿಸಿದರು. ದಪ್ಪ ಇರುವವರಲ್ಲಿ ಕೂತಾಗ ಮೂಳೆ ಹಿಂದಕ್ಕೆ ಜರುಗುವುದು ಹೆಚ್ಚು. ತೆಳ್ಳಗಿನವರಲ್ಲಿ ಮೂಳೆಯ ತುದಿಯಲ್ಲಿ ಮುಳ್ಳಿನಂಥ ಮೊನೆ ಇದ್ದು ಅದು ಒತ್ತುವುದು ಹೆಚ್ಚು ಕಂಡಿತು. ಅಂದರೆ ದಪ್ಪಗಿನವರಿಗೂ ತೆಳ್ಳಗಿನವರಿಗೂ ನೋವು ಬರುತ್ತದೆ, ಕಾರಣ ಬೇರೆ. ಅಂಥ ಮೊನೆ ಮೊದಲಿನಿಂದ ಇದ್ದರೂ, ಮೇಲಿನ ಕೊಬ್ಬು ಕರಗುವ ತನಕ ಗೊತ್ತೇ ಆಗದಿರಬಹುದು. ಮೇನ್ಯ್ ಅವರ ಎಕ್ಸ್‌ರೇ ಕ್ರಮವೂ ಸೊಗಸು. ನಿಂತಾಗ ಒಂದು, ನೋವು ಬರುವ ಹಾಗೆ ಕೂತಾಗ ಇನ್ನೊಂದು ತೆಗೆದು ಎರಡನ್ನೂ ಹೋಲಿಸುವುದು. ನಮ್ಮ ಮೇಷ್ಟ್ರಿಗೆ ಮಲಗಿಸಿ ಎಕ್ಸ್‌ರೇ ತೆಗೆದು, ‘ಏನೂ ಇಲ್ಲ, ನಾರ್ಮಲ್’ ಅಂತ ಎರಡು ಕಡೆ ಕಳಿಸಿದ್ದರು. ಮಲಗಿದಾಗ ಅವರಿಗೆ ನೋವೇ ಇರಲಿಲ್ಲ! ‘ನಾರ್ಮಲ್’ ಅಂದ ಕೂಡಲೇ ಮನೆಯವರ ಕಣ್ಣಿಗೆ ನೋವು ನೆಪವಾಗಿ ಕಾಣುತ್ತದೆ. ಇದು ನನಗೆ ತುಂಬಾ ಸಂಕಟ ಕೊಡುವ ಸಂಗತಿ. ಈ ನೋವಿಗೆ ವೈದ್ಯಶಾಸ್ತ್ರದಲ್ಲಿ ಹೆಸರು ಬಂದದ್ದು 1859ರಲ್ಲಿ, ಎಡಿನ್‌ಬರೋದ ಜೇಮ್ಸ್ ಯಂಗ್ ಸಿಂಪ್ಸನ್ ಅವರಿಂದ. ಹೆರಿಗೆಯಲ್ಲಿ ನೋವು ತಿಳಿಯದಿರಲಿ ಅಂತ ಮೊದಲು ಕ್ಲೋರೋಫಾರ್ಮ್ ಬಳಸಿದ ವೈದ್ಯರು ಇವರೇ. ನೂರಾ ಅರವತ್ತು ವರ್ಷ ದಾಟಿತು, ಇನ್ನೂ ನಮ್ಮವರು ‘ಅಲ್ಲೂ ನೋವು ಬರುತ್ತಾ?’ ಅನ್ನುತ್ತಾರೆ. ಬರುತ್ತದೆ. ಗಂಡಸರಿಗಿಂತ ಹೆಂಗಸರಿಗೆ ಸುಮಾರು ಐದು ಪಟ್ಟು ಹೆಚ್ಚು ಬರುತ್ತದೆ.

ಇನ್ನು ಏನು ಮಾಡಬೇಕು ಅನ್ನುವುದಕ್ಕೆ ಬರೋಣ. ನನ್ನ ಕೈಯಲ್ಲಿರುವ ಈ ಫೋಮ್ ನೋಡಿ. ಹಾಸಿಗೆ ಅಂಗಡಿಯಲ್ಲಿ ಸಿಗುವ ಗಟ್ಟಿ ಫೋಮ್, ಮೂರು ಇಂಚು ದಪ್ಪ. ಕುರ್ಚಿಯ ಅಳತೆಗೆ ಕತ್ತರಿಸಿ, ಹಿಂಬದಿಯ ಅಂಚಿನ ನಡುವೆ ನಾಲ್ಕು ಇಂಚು ಅಗಲ, ಐದಾರು ಇಂಚು ಉದ್ದ ಚಾಕುವಿನಿಂದ ತೆಗೆದಿದ್ದೇನೆ. ಕೂತಾಗ ಬಾಲದ ಮೂಳೆ ಆ ಖಾಲಿ ಜಾಗದ ಮೇಲೆ ಬರುತ್ತದೆ, ಏನಕ್ಕೂ ತಾಗುವುದಿಲ್ಲ. ಭಾರವೆಲ್ಲ ಕೂರುವ ಮೂಳೆಗೂ ತೊಡೆಗೂ ಹೋಗುತ್ತದೆ. ಮೆಡಿಕಲ್ ಅಂಗಡಿಯಲ್ಲಿ ಟ್ಯೂಬಿನ ಥರ ದುಂಡಗಿನ ದಿಂಬು ಕೊಡುತ್ತಾರೆ, ನಡುವೆ ತೂತು ಇರುತ್ತದಲ್ಲ, ಅದು. ಮೂಲವ್ಯಾಧಿಯವರು ಬಳಸುವುದನ್ನು ನೋಡಿರುತ್ತೀರಿ. ಅದರ ಹಿಂಬದಿಯ ಅಂಚು ಸರಿಯಾಗಿ ಬಾಲದ ಮೂಳೆಗೇ ಒತ್ತುವುದುಂಟು. ಹಿಂದೆ ತೆರೆದಿರುವುದನ್ನೇ ಕೇಳಿ ತೆಗೆದುಕೊಳ್ಳಿ, ಇಲ್ಲವೇ ಮನೆಯಲ್ಲೇ ಕತ್ತರಿಸಿ.

ಅರ್ಧ ಗಂಟೆಗೊಮ್ಮೆಯಾದರೂ ಏಳಿ. ಏಳುವಾಗ ನೇರ ಮೇಲಕ್ಕೆ ಏಳಬೇಡಿ. ಕುರ್ಚಿಯ ಅಂಚಿಗೆ ಸರಿದು, ಎದೆ ಮುಂದಕ್ಕೆ ಬಾಗಿಸಿ, ಭಾರ ಪಾದಕ್ಕೆ ಬಂದ ಮೇಲೆ ಏಳಿ. ಮೇಷ್ಟ್ರಿಗೆ ಎಲ್ಲಕ್ಕಿಂತ ಮೊದಲು ನೆಮ್ಮದಿ ಕೊಟ್ಟದ್ದು ಇದು. ಸ್ಕೂಟರ್, ಸೈಕಲ್ ಕೆಲವು ವಾರ ಬೇಡ. ರಸ್ತೆಯ ಹಂಪು ಗುಂಡಿಗಳ ಪೆಟ್ಟೆಲ್ಲ ನೇರ ಅಲ್ಲಿಗೇ ಬೀಳುತ್ತದೆ. ಬಸ್ಸಿನಲ್ಲಿ ನಿಲ್ಲುವ ಶಕ್ತಿ ಇದ್ದರೆ ನಿಲ್ಲಿ.

ತೂಕ ಇಳಿಸುವವರು ಮಾಡುವ ಎರಡು ವ್ಯಾಯಾಮಗಳನ್ನು ನಾನು ಕೂಡಲೇ ನಿಲ್ಲಿಸುತ್ತೇನೆ. ಒಂದು, ಬರಿ ನೆಲದ ಮೇಲೆ ಮಾಡುವ ಸಿಟ್‌ಅಪ್. ಇನ್ನೊಂದು ನೌಕಾಸನ. ಎರಡರಲ್ಲೂ ಬಾಲದ ಮೂಳೆ ನೆಲಕ್ಕೆ ಉಜ್ಜುತ್ತದೆ. ಬದಲಿಗೆ ಸೇತುಬಂಧಾಸನ ಮಾಡಿ. ಅಂಗಾತ ಮಲಗಿ, ಮಂಡಿ ಮಡಚಿ, ಸೊಂಟ ಎತ್ತಿ, ಐದು ಎಣಿಸಿ ಇಳಿಸುವುದು. ಕುಂಡಿಯ ಸ್ನಾಯು ಬಲವಾಗುತ್ತದೆ. ಬೇಗ ತೂಕ ಇಳಿಸಿದಾಗ ಕೊಬ್ಬಿನ ಜೊತೆ ಸ್ನಾಯುವೂ ಕರಗಿರುತ್ತದೆ, ಅದನ್ನು ಮರಳಿ ಕಟ್ಟಬೇಕು. ಅದಕ್ಕೆ ವ್ಯಾಯಾಮದ ಜೊತೆ ಊಟದಲ್ಲಿ ಹೆಸರುಕಾಳು, ಹುರುಳಿ, ಮೊಸರು, ತಿನ್ನುವವರಾದರೆ ಮೊಟ್ಟೆ, ಮೀನು ಇರಲಿ. ಬರೀ ಸೌತೆಕಾಯಿ ತಿಂದು ಸ್ನಾಯು ಬೆಳೆಯದು.

ಮಲಬದ್ಧತೆಯ ಬಗ್ಗೆ ಕೇಳಿದರೆ ಎಲ್ಲರೂ ಮುಖ ತಿರುಗಿಸುತ್ತಾರೆ, ಆದರೂ ಕೇಳಲೇಬೇಕು. ಊಟ ಕಡಿಮೆಯಾದಾಗ ನಾರು, ನೀರು ಎರಡೂ ಕಡಿಮೆಯಾಗುತ್ತವೆ. ತೂಕ ಇಳಿಸುವ ಇಂಜೆಕ್ಷನ್‌ಗಳೂ ಹೊಟ್ಟೆ ಕಟ್ಟುವಂತೆ ಮಾಡುವುದುಂಟು. ತಿಣುಕಿದಾಗಲೆಲ್ಲ ಕಿಬ್ಬೊಟ್ಟೆಯ ತಳದ ಸ್ನಾಯುಗಳು ತಾವು ಅಂಟಿಕೊಂಡಿರುವ ಬಾಲದ ಮೂಳೆಯನ್ನು ಜಗ್ಗುತ್ತವೆ. ಆ ಸ್ನಾಯುಗಳು ಬಿಗಿದಿದ್ದರೆ ಸಡಿಲಿಸಬೇಕೇ ಹೊರತು ಇನ್ನಷ್ಟು ಬಿಗಿಯಬಾರದು. ಮೊಬೈಲಿನಲ್ಲಿ ನೋಡಿ, ಆ ಸ್ನಾಯುಗಳನ್ನೇ ಬಿಗಿಹಿಡಿದು ಬಿಡುವ ಕೆಗೆಲ್ ವ್ಯಾಯಾಮ ಶುರು ಮಾಡಿ ನೋವು ಹೆಚ್ಚಿಸಿಕೊಂಡವರನ್ನು ನೋಡಿದ್ದೇನೆ. ಹೊಟ್ಟೆ ಉಬ್ಬಿಸಿ ನಿಧಾನ ಉಸಿರಾಡುವುದು, ಬಾಲಾಸನದಲ್ಲಿ, ಅಂದರೆ ಮಂಡಿಯೂರಿ ಹಿಮ್ಮಡಿಯ ಮೇಲೆ ಕೂತು, ಮುಂದಕ್ಕೆ ಬಾಗಿ ಎರಡು ನಿಮಿಷ ಇರುವುದು ಇದಕ್ಕೆ ಒಳ್ಳೆಯದು. ಬಿಸಿನೀರಿನ ಟಬ್ಬಿನಲ್ಲಿ ಹತ್ತು ನಿಮಿಷ ಕೂತರೂ ಹಿತ.

ನೋವಿನ ಮಾತ್ರೆ ವೈದ್ಯರನ್ನು ಕೇಳಿಯೇ ನುಂಗಿ, ಸಕ್ಕರೆ, ಕಿಡ್ನಿ ತೊಂದರೆ ಇರುವವರಂತೂ ಖಂಡಿತ. ಬಹುಪಾಲು ಜನಕ್ಕೆ ಇಷ್ಟರಲ್ಲೇ ವಾರಗಳಿಂದ ಕೆಲವು ತಿಂಗಳಲ್ಲಿ ಕಡಿಮೆಯಾಗುತ್ತದೆ. ಆಗದವರಿಗೆ ಸ್ಟೀರಾಯ್ಡ್ ಇಂಜೆಕ್ಷನ್, ಆ ಜಾಗದ ನರಗಂಟಿಗೆ ಕೊಡುವ ಇಂಜೆಕ್ಷನ್ ಇವೆ. ಮೂಳೆ ತೆಗೆಯುವ ಶಸ್ತ್ರಚಿಕಿತ್ಸೆ ಕಟ್ಟಕಡೆಯದು, ಕೆಲವೇ ಜನಕ್ಕೆ.

ಈಗ ದಯವಿಟ್ಟು ಗಮನವಿಟ್ಟು ಕೇಳಿ. ಇಲ್ಲಿಯವರೆಗೆ ಹೇಳಿದ್ದೆಲ್ಲ ಬೇಕೆಂದೇ ತೂಕ ಇಳಿಸಿಕೊಂಡವರಿಗೆ. ಏನೂ ಪ್ರಯತ್ನ ಮಾಡದೆ, ಊಟ ಎಂದಿನಂತೆಯೇ ಇದ್ದು, ಆರು ತಿಂಗಳಿಂದ ಒಂದು ವರ್ಷದೊಳಗೆ ತೂಕದಲ್ಲಿ ಶೇ 5ಕ್ಕಿಂತ ಹೆಚ್ಚು ಹೋಗಿದ್ದರೆ, ಅಂದರೆ 60 ಕೆಜಿ ಇದ್ದವರು 57ಕ್ಕಿಂತ ಕೆಳಗೆ ಇಳಿದಿದ್ದರೆ, ಫೋಮ್ ಕತ್ತರಿಸುತ್ತಾ ಕೂರಬೇಡಿ. ಸಕ್ಕರೆ, ಥೈರಾಯ್ಡ್, ಕ್ಷಯ, ಕ್ಯಾನ್ಸರ್ ಯಾವುದೂ ಇರಬಹುದು, ವೈದ್ಯರು ನೋಡಲೇಬೇಕು. ಮಲಗಿದರೂ ಬಿಡದ ನೋವು, ಜ್ವರ, ಆ ಜಾಗದಲ್ಲಿ ಊತ ಅಥವಾ ಕೀವು, ಮಲದಲ್ಲಿ ರಕ್ತ ಕಂಡರೂ ತಡ ಮಾಡಬೇಡಿ. ತೊಡೆ ಸಂದಿ ಮರಗಟ್ಟಿದರೆ, ಮೂತ್ರ ಇಲ್ಲವೇ ಮಲದ ಹಿಡಿತ ತಪ್ಪಿದರೆ ಅವತ್ತೇ, ಆ ಗಳಿಗೆಯಲ್ಲೇ ಆಸ್ಪತ್ರೆಗೆ ಹೋಗಿ.

ಮೇಷ್ಟ್ರಿಗೆ ಸುಮಾರು ಮೂರು ತಿಂಗಳು ಹಿಡಿಯಿತು. ತೂಕ ಈಗಲೂ 71ರ ಆಸುಪಾಸಿನಲ್ಲೇ ಇದೆ. ಅವರ ಫೋಮಿಗೆ ಮನೆಯವರು ಹಳೆಯ ಹತ್ತಿ ಸೀರೆಯ ಕವರ್ ಹೊಲಿದುಕೊಟ್ಟಿದ್ದಾರೆ. ದಿನಾ ಚೀಲದಲ್ಲಿಟ್ಟುಕೊಂಡು ಶಾಲೆಗೆ ಒಯ್ಯುತ್ತಾರೆ.

ಈ ತುಂಡನ್ನು ಮುಂದಿನ ಸಾಲಿಗೆ ಕೊಡುತ್ತಿದ್ದೇನೆ. ಒಬ್ಬೊಬ್ಬರೂ ಒಂದು ನಿಮಿಷ ಕೂತು ನೋಡಿ, ಪಕ್ಕದವರಿಗೆ ದಾಟಿಸಿ. ಅಷ್ಟರಲ್ಲಿ ನಿಮ್ಮ ಪ್ರಶ್ನೆಗಳನ್ನು ಕೇಳಿ. ಎಲ್ಲರ ಮುಂದೆ ಕೇಳಲು ಮುಜುಗರ ಆಗುವವರು ಚೀಟಿಯಲ್ಲಿ ಬರೆದುಕೊಟ್ಟರೂ ಸರಿ.