ಹೀತ್‌ಕ್ಲಿಫ್ ಯಾರ ಮಗ?

ಸ್ನೇಹಿತರೆ, ಎಮಿಲಿ ಬ್ರಾಂಟಿಯ ಇಂಗ್ಲಿಷ್ ಕಾದಂಬರಿ ‘ವುದರಿಂಗ್ ಹೈಟ್ಸ್’ 1847ರಲ್ಲಿ ಹೊರಬಂತು. ಹೀತ್‌ಕ್ಲಿಫ್ ಅದರ ನಾಯಕ. ಓದಿದವರು ಇಂದಿಗೂ ಕೇಳುತ್ತಾರೆ: ಹೀತ್‌ಕ್ಲಿಫ್ ಯಾರ ಮಗ? ಮನೆಬಿಟ್ಟು ಹೋದ ಮೂರು ವರ್ಷ ಎಲ್ಲಿದ್ದ? ಅಷ್ಟು ದುಡ್ಡು ಎಲ್ಲಿಂದ ಬಂತು?

ಅವನು ಬಂದ ರಾತ್ರಿಯನ್ನು ನೋಡೋಣ. ಸುಗ್ಗಿಯ ಆರಂಭದಲ್ಲಿ ವುದರಿಂಗ್ ಹೈಟ್ಸ್ ಎಂಬ ಮನೆಯ ಯಜಮಾನ ಅರ್ನ್‌ಶಾ ಲಿವರ್‌ಪೂಲಿಗೆ ಹೊರಡುತ್ತಾನೆ. ಹೋಗಲು 60 ಮೈಲಿ, ಬರಲು 60, ಎಲ್ಲವೂ ಕಾಲ್ನಡಿಗೆ. ಮಗನಿಗೆ ಪಿಟೀಲು, ಮಗಳಿಗೆ ಚಾವಟಿ ತರುವ ಮಾತು ಕೊಟ್ಟಿದ್ದ. ಮೂರನೆಯ ರಾತ್ರಿ ಹನ್ನೊಂದರ ಸುಮಾರಿಗೆ ಬಂದು ತೋಳಲ್ಲಿದ್ದ ಕೋಟಿನ ಗಂಟು ಬಿಚ್ಚಿದರೆ, ಒಳಗೆ ಕಪ್ಪು ಕೂದಲಿನ, ಹರಕು ಬಟ್ಟೆಯ ಮಗು. ಪಿಟೀಲು ಪುಡಿಪುಡಿ, ಚಾವಟಿ ದಾರಿಯಲ್ಲೇ ಹೋಗಿತ್ತು. ಮಗು ಏನೋ ಮಾತಾಡುತ್ತದೆ, ಯಾರಿಗೂ ಅರ್ಥವಾಗುವುದಿಲ್ಲ. ತೀರಿಹೋಗಿದ್ದ ಮಗನ ಹೆಸರನ್ನೇ ಅದಕ್ಕಿಡುತ್ತಾರೆ.

ಹೆಸರು, ಯಜಮಾನನ ಅತಿ ಮುದ್ದು, ಇವೆರಡನ್ನು ಹಿಡಿದು ‘ಅದು ಅವನದೇ ಮಗು’ ಎನ್ನುವವರಿದ್ದಾರೆ. ಹಾಗೆನ್ನಬೇಕಾದರೆ, ಬೀದಿಯಲ್ಲಿ ಹಸಿದು ಬಿದ್ದಿತ್ತು ಎಂಬ ಅವನ ಮಾತು ಸುಳ್ಳಾಗಬೇಕು. ಅದು ಸುಳ್ಳು ಎನ್ನಲು ಪುಸ್ತಕದಲ್ಲಿ ಆಧಾರವಿಲ್ಲ.

ಇಂಥ ಕಡೆ ಒಂದು ಹಾಳೆಯಲ್ಲಿ ನಾಲ್ಕು ಕಾಲಂ ಎಳೆಯಿರಿ: ಯಾರು ಹೇಳಿದರು, ಯಾರಿಗೆ, ಯಾವಾಗ, ಅವರಿಗೆ ಗೊತ್ತಾದದ್ದು ಹೇಗೆ. ನಾಲ್ಕನೆಯದೇ ಮುಖ್ಯ. ಅಪ್ಪ ಚೀನಾದ ಚಕ್ರವರ್ತಿ, ಅಮ್ಮ ಭಾರತದ ರಾಣಿ ಇರಬಹುದು ಎಂದದ್ದು ಮನೆಗೆಲಸದ ನೆಲ್ಲಿ. ನೊಂದ ಹುಡುಗನನ್ನು ಸಮಾಧಾನ ಮಾಡಲು. ‘ಲಸ್ಕರ್’ ಎಂದದ್ದು ನೆರೆಮನೆಯ ಹಿರಿಯ ಲಿಂಟನ್; ರಾತ್ರಿ ತನ್ನ ಅಂಗಳದಲ್ಲಿ ಸಿಕ್ಕವನನ್ನು ಕಳ್ಳನೆಂದು ಬಗೆದು. ಲಸ್ಕರರೆಂದರೆ ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳಲ್ಲಿ ದುಡಿದ ನಮ್ಮ ಕಡೆಯ ನಾವಿಕರು. ಹಾಗಾಗಿ ನಾವು ಈ ಪದಕ್ಕೆ ಥಟ್ಟನೆ ಜೋತುಬೀಳುತ್ತೇವೆ. ಹುಡುಗ ಆ ಜನರ ಕಣ್ಣಿಗೆ ಹೇಗೆ ಕಂಡ ಎಂಬುದಕ್ಕೆ ಅದು ಒಳ್ಳೆಯ ಸಾಕ್ಷಿ. ಹುಟ್ಟಿಗೆ ಅಲ್ಲ.

ಮೂರು ವರ್ಷದ ವಿಷಯಕ್ಕೆ ಬರೋಣ. ವಕೀಲರಾಗಿದ್ದ ಸಿ. ಪಿ. ಸ್ಯಾಂಗರ್ ಕಾದಂಬರಿಯಲ್ಲಿ ಚದುರಿರುವ ತಿಂಗಳು, ವಯಸ್ಸುಗಳನ್ನೆಲ್ಲ ಕೂಡಿಸಿ 1926ರಲ್ಲಿ ಕಾಲಾನುಕ್ರಮ ಕಟ್ಟಿದರು: ಬಂದದ್ದು 1771, ಹೋದದ್ದು 1780, ಮರಳಿದ್ದು 1783ರ ಸೆಪ್ಟೆಂಬರ್. ಅಮೆರಿಕದ ಸ್ವಾತಂತ್ರ್ಯ ಯುದ್ಧದ ಕಾಲ. ಹಾಗಾದರೆ ಸೈನ್ಯ ಸೇರಿದ್ದನೇ? ಅವನ ನೆಟ್ಟಗಿನ ನಿಲುವು ಕಂಡು ನೆಲ್ಲಿಗೂ ಸೈನ್ಯ ನೆನಪಾಗುತ್ತದೆ. ತಾರೀಖು ಹೊಂದುತ್ತದೆ ನಿಜ, ಆದರೆ ಸಾಮಾನ್ಯ ಸಿಪಾಯಿಯ ಸಂಬಳದಲ್ಲಿ ಅಷ್ಟು ಹಣ ಕೂಡುವುದಿಲ್ಲ.

ಬಹಳ ಮಂದಿ ದಾಟಿ ಹೋಗುವ ಸಾಲು ನಾಲ್ಕನೆಯ ಅಧ್ಯಾಯದಲ್ಲಿದೆ. ಬಾಡಿಗೆಗೆ ಬಂದ ಲಾಕ್‌ವುಡ್ ಕೇಳಿದಾಗ ನೆಲ್ಲಿ ಹೇಳುತ್ತಾಳೆ: ಅವನ ಕಥೆಯೆಲ್ಲ ಗೊತ್ತು, ಎಲ್ಲಿ ಹುಟ್ಟಿದ, ತಂದೆತಾಯಿ ಯಾರು, ಮೊದಲಿಗೆ ಹಣ ಹೇಗೆ ಬಂತು, ಇಷ್ಟು ಬಿಟ್ಟು. ನಮ್ಮ ಪ್ರಶ್ನೆಗಳೇ! ಬ್ರಾಂಟಿ ಮರೆತದ್ದಲ್ಲ, ಆರಂಭದಲ್ಲೇ ಬೇಲಿ ಹಾಕಿಟ್ಟಿದ್ದಾಳೆ. ಕಥೆ ಹೇಳುವವಳು ನೆಲ್ಲಿ, ಅದನ್ನು ಕೇಳಿ ನಮಗೆ ದಾಟಿಸುವವನು ಲಾಕ್‌ವುಡ್. ಅವಳ ಕಿವಿಗೆ ಬೀಳದ್ದು ಲಾಕ್‌ವುಡ್‌ಗೆ ತಲುಪುವುದಿಲ್ಲ, ನಮಗೂ ತಲುಪುವುದಿಲ್ಲ.

ಕೊನೆಗೆ ಗೋರಿಕಲ್ಲಿನ ಮೇಲೆ ಏನು ಬರೆಸುವುದೆಂಬ ಪ್ರಶ್ನೆ ಬರುತ್ತದೆ. ಮನೆತನದ ಹೆಸರಿಲ್ಲ, ವಯಸ್ಸು ಯಾರಿಗೂ ತಿಳಿಯದು. ಕಲ್ಲಿನ ಮೇಲೆ ಕೆತ್ತಿಸಿದ್ದು ಹೀತ್‌ಕ್ಲಿಫ್ ಎಂಬ ಒಂದೇ ಪದ, ಮತ್ತು ತೀರಿಕೊಂಡ ದಿನ.