ಒಂದೇ ಗೆರೆ ಮೇಲೆ ಎಷ್ಟು ಬಗೆಯ ತ್ರಿಭುಜ?

ಎಲ್ಲರಿಗೂ ನಮಸ್ಕಾರ. ಇವತ್ತು ಹೊರಗೆಲ್ಲೂ ಹೋಗ್ತಿಲ್ಲ, ಕ್ಯಾಮೆರಾ ನಮ್ಮನೆ ಊಟದ ಟೇಬಲ್ ಮೇಲೇ ಇರುತ್ತೆ. ಎದುರಿಗೆ ಕೂತಿರೋದು ಅಕ್ಕನ ಮಗಳು, ಏಳನೇ ಕ್ಲಾಸು. ಬಿಳಿ ಹಾಳೆ, ಸ್ಕೇಲು, ಚೂಪಾಗಿ ಜೀವಿದ ಪೆನ್ಸಿಲ್ಲು, ಕೈವಾರ, ಕೋನಮಾಪಕ. ಇಷ್ಟೇ ಸಾಮಾನು.

ತ್ರಿಭುಜದ ವಿಧಗಳನ್ನ ಮಕ್ಕಳ ಕೈಲಿ ಉರು ಹೊಡೆಸೋದು ನನಗೆ ಒಪ್ಪಿಗೆ ಇಲ್ಲ. ಎಳೆದು ನೋಡಲಿ, ವಿಧ ತಾನಾಗೇ ತಿಳಿಯುತ್ತೆ. ನೋಡಿ, 10 ಸೆಂಟಿಮೀಟರ್ ಗೆರೆ ಎಳೆದು ತುದಿಗಳಿಗೆ ಎ, ಬಿ ಅಂತ ಬರೆದಳು. ಕೈವಾರವನ್ನ 6ಕ್ಕೆ ಅಗಲಿಸಿ, ಎ ಮೇಲೆ ಮೊನೆ ಊರಿ ಒಂದು ಕಂಸ. 8ಕ್ಕೆ ಅಗಲಿಸಿ ಬಿ ಇಂದ ಇನ್ನೊಂದು. ಎರಡೂ ಸೇರಿದ ಕಡೆ ಸಿ. ಅಳೆದರೆ ಅಲ್ಲಿ 90 ಡಿಗ್ರಿ, ಲಂಬಕೋನ ತ್ರಿಭುಜ. ಗಾರೆ ಕೆಲಸದವರು ಪಾಯದ ಮೂಲೆ ಹಿಡಿಯೋವಾಗ 3, 4, 5 ಅಡಿ ಅಳೀತಾರಲ್ಲ, ಅದೇ ಲೆಕ್ಕ ಇದು.

ಈಗ ನನಗೆ ತುಂಬಾ ಇಷ್ಟವಾದ ಭಾಗ. ಎಬಿ ನಡುವೆ ಕೈವಾರ ಊರಿ 5 ಸೆಂಟಿಮೀಟರ್ ತ್ರಿಜ್ಯದ ಅರ್ಧವೃತ್ತ ಎಳೆಸಿದೆ. ಸರಿಯಾಗಿ ಸಿ ಮೇಲೇ ಹಾದುಹೋಯ್ತು! ಅವಳ ಕಣ್ಣು ನೋಡಿ. ಈ ಅರ್ಧವೃತ್ತದ ಮೇಲೆ ಎಲ್ಲಿ ಚುಕ್ಕೆ ಇಟ್ಟು ಎ, ಬಿಗೆ ಸೇರಿಸಿದ್ರೂ ಚುಕ್ಕೆ ಹತ್ರ ಲಂಬಕೋನವೇ. 5, 7 ಅಳತೆ ತಗೊಂಡ್ರೆ ಚುಕ್ಕೆ ಒಳಗೆ ಬೀಳುತ್ತೆ, ಕೋನ 90 ದಾಟುತ್ತೆ, ಅದು ವಿಶಾಲಕೋನ ತ್ರಿಭುಜ. 7, 8 ತಗೊಂಡ್ರೆ ಹೊರಗೆ ಹೋಗುತ್ತೆ, ಮೂರೂ ಕೋನ 90ಕ್ಕಿಂತ ಕಮ್ಮಿ, ಲಘುಕೋನ ತ್ರಿಭುಜ. ಹಾಗಂತ ಹೊರಗಿರೋದೆಲ್ಲ ಲಘುಕೋನ ಅಂದುಕೋಬೇಡಿ. ಚುಕ್ಕೆ ತೀರಾ ಪಕ್ಕಕ್ಕೆ ಸರಿದ್ರೆ ಎ ಅಥವಾ ಬಿ ಹತ್ರದ ಕೋನವೇ 90 ದಾಟಿಬಿಡುತ್ತೆ.

ಬಾಹುಗಳನ್ನ ನೋಡಿ ಹೆಸರಿಡೋದು ಬೇರೆ. ಇಲ್ಲಿವರೆಗೆ ಎಳೆದದ್ದೆಲ್ಲ ಅಸಮಬಾಹು. ಎರಡೂ ಕಡೆ 10 ಇಟ್ಟರೆ ಸಮಬಾಹು; ಹಳೇ ಕಾಲದ ಗ್ರೀಕ್ ಗಣಿತಜ್ಞ ಯೂಕ್ಲಿಡ್ ತನ್ನ ರೇಖಾಗಣಿತದ ಪುಸ್ತಕ 'ಎಲಿಮೆಂಟ್ಸ್' ಶುರು ಮಾಡೋ ಮೊದಲ ರಚನೆಯೇ ಇದು. ಎರಡೂ ಕಡೆ 7 ಇಟ್ಟರೆ ಸಮದ್ವಿಬಾಹು. ಇದನ್ನ ಕಂಡು "ಲಂಬಕೋನಾನೂ ಹೌದು ಚಿಕ್ಕಮ್ಮ" ಅಂದಳು. ಕಣ್ಣಿಗೆ ಹಾಗೇ ಕಾಣುತ್ತೆ. ಅಳೆದು ನೋಡು ಪುಟ್ಟಿ ಅಂದೆ. 91 ಡಿಗ್ರಿಗಿಂತ ಒಂಚೂರು ಜಾಸ್ತಿ! ಲಂಬಕೋನ ಆಗಬೇಕಂದ್ರೆ ಚಿಕ್ಕ ಬಾಹುಗಳೆರಡರ ವರ್ಗ ಕೂಡಿದಾಗ ದೊಡ್ಡ ಬಾಹುವಿನ ವರ್ಗ ಬರಬೇಕು. ಇಲ್ಲಿ 7ರ ವರ್ಗ 49; 49ಕ್ಕೆ 49 ಕೂಡಿದ್ರೆ 98, ನಮಗೆ ಬೇಕಿದ್ದದ್ದು 10ರ ವರ್ಗ 100. ಹಾಗಾಗಿ ಇದು ಸಮದ್ವಿಬಾಹುವೂ ಹೌದು, ವಿಶಾಲಕೋನವೂ ಹೌದು.

ಕೊನೆಗೆ 4, 5 ಇಟ್ಟಳು. ಕಂಸಗಳು ಸೇರಲೇ ಇಲ್ಲ, ನಡುವೆ 1 ಸೆಂಟಿಮೀಟರ್ ಸಂದು. 4, 6 ಇಟ್ಟರೆ ಏನಾಗುತ್ತೆ? ನೀವೇ ಎಳೆದು ನೋಡಿ, ಕಾಮೆಂಟಲ್ಲಿ ಹೇಳಿ.